ಎರಡರಲ್ಲಿ ಒಂದು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



'ಎರಡು ದಾರಿ ಇತ್ತು, ಅವರೇ ಒಂದನ್ನ ಆರಿಸ್ಕೊಂಡ್ರು' ಅನ್ನೋ ಮಾತು ನಮ್ಮ ಬಗ್ಗೆ ಆಗಾಗ ಕೇಳ್ತೀವಿ. ಪೂನಾ ಒಪ್ಪಂದದ ವಿಚಾರ ಬಂದಾಗಲೂ ಇದನ್ನೇ ಹೇಳ್ತಾರೆ: ಅಂಬೇಡ್ಕರರೇ ಸಹಿ ಹಾಕಿದ್ರಲ್ಲ, ಇನ್ನೇನು ತಕರಾರು ಅಂತ. ಸಹಿ ಹಾಕಿದ್ದು ನಿಜ. ಆ ಸಹಿಯ ಸುತ್ತ ಏನೇನಿತ್ತು, ಅದನ್ನ ನೋಡೋಣ.

1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಕೋಮುವಾರು ತೀರ್ಪು ಪ್ರಕಟಿಸಿದರು. ಗೊತ್ತುಮಾಡಿದ ಕ್ಷೇತ್ರಗಳಲ್ಲಿ ಅಸ್ಪೃಶ್ಯ ಮತದಾರರಿಗೆ ಎರಡು ಓಟು. ತಮ್ಮವರನ್ನ ತಾವೇ ಆರಿಸೋಕೆ ಒಂದು, ಸಾಮಾನ್ಯ ಕ್ಷೇತ್ರದಲ್ಲಿ ಇನ್ನೊಂದು. ಈ ಎರಡನೇ ಓಟಿನ ಬೆಲೆ ತಿಳ್ಕೋಬೇಕು. ಅದಕ್ಕಾಗಿ ಸವರ್ಣ ಅಭ್ಯರ್ಥಿಯೂ ಕೇರಿಗೆ ಬಂದು ಕೈಮುಗಿಯಬೇಕಾಗ್ತಿತ್ತು.

ಪ್ರತ್ಯೇಕ ಮತಕ್ಷೇತ್ರ ಕೂಡದು ಅಂತ ಗಾಂಧೀಜಿ ಸೆಪ್ಟೆಂಬರ್ 20ರಂದು ಯರವಾಡ ಜೈಲಿನಲ್ಲಿ ಆಮರಣ ಉಪವಾಸ ಕೂತರು. 'ಒಪ್ಪಲ್ಲ' ಅನ್ನೋ ಹಕ್ಕು ಬಾಬಾಸಾಹೇಬರಿಗೆ ಕಾಗದದ ಮೇಲೆ ಹಾಗೇ ಇತ್ತು. ಆದ್ರೆ ಗಾಂಧಿ ಸತ್ತರೆ ಅದರ ಬೆಲೆ ತೆರೋರು ಯಾರು? ಊರಾಚೆ ಹತ್ತಿಪ್ಪತ್ತು ಗುಡಿಸಲು ಹಾಕ್ಕೊಂಡು, ಊರವರ ಹೊಲದ ಕೂಲಿ ನಂಬ್ಕೊಂಡಿದ್ದ ಜನ. ಓಟು ಒಂದು ತಟ್ಟೆಯಲ್ಲಿ, ಆ ಗುಡಿಸಲು ಇನ್ನೊಂದರಲ್ಲಿ. ತಕ್ಕಡಿ ಯಾರ ಕೈಲಿತ್ತು, ನೀವೇ ಹೇಳಿ.

ಹಾಗಂತ ಅವರು ಬರಿಗೈಲಿ ಎದ್ದು ಬರಲಿಲ್ಲ. 24ರಂದು ಆದ ಒಪ್ಪಂದದಲ್ಲಿ ಪ್ರಾಂತೀಯ ಶಾಸನಸಭೆಗಳ 148 ಮೀಸಲು ಸ್ಥಾನ ಪಡೆದರು. ತೀರ್ಪಿನಲ್ಲಿದ್ದುದರ ಸುಮಾರು ಎರಡರಷ್ಟು. ಮೊದಲ ಸುತ್ತಲ್ಲಿ ನಮ್ಮ ಮತದಾರರು ನಾಲ್ವರನ್ನ ಆರಿಸೋದು, ಅವರಲ್ಲಿ ಒಬ್ಬರನ್ನ ಎಲ್ಲರೂ ಸೇರಿ ಗೆಲ್ಲಿಸೋದು. ಸ್ಥಾನ ಬೆಳೀತು, ಎರಡು ಓಟು ಹೋಯ್ತು, ಕೊನೇ ಮಾತು ಸವರ್ಣ ಬಹುಸಂಖ್ಯಾತರ ಪಾಲಾಯ್ತು. 1945ರಲ್ಲಿ ಕಾಂಗ್ರೆಸ್ಸು, ಗಾಂಧಿಯ ಬಗ್ಗೆ ಬರೆದ ಪುಸ್ತಕದಲ್ಲಿ ಬಾಬಾಸಾಹೇಬರು ಆ ಉಪವಾಸವನ್ನು ಕಟುವಾಗಿ ಖಂಡಿಸಿದರು. ಮನಸಾರೆ ಆರಿಸ್ಕೊಂಡೋರು ಹದಿಮೂರು ವರ್ಷ ಆದ್ಮೇಲೆ ಹಾಗೆ ಬರೀತಾರಾ?

ನಮ್ಮ ಹಾಸ್ಟೆಲಿಗೆ ಬರೋಣ. (ಅಳತೆ ಬೇರೆ, ಗೊತ್ತು.) ನಮ್ಮ ಹುಡುಗ ಪಿಯುಸಿಗೆ ಆರ್ಟ್ಸ್ ತಗೊಂಡ್ರೆ 'ನಿಮ್ಮವರಿಗೆ ಸೈನ್ಸ್ ಬೇಡ' ಅಂತಾರೆ. ನಾನೂ ಆರ್ಟ್ಸಿನವನೇ, ಇಷ್ಟಪಟ್ಟೇ ಓದಿದೆ. ನನ್ನ ಜೊತೆ ಕೂತಿದ್ದ ಹಲವರು ಮಾತ್ರ ಮೊದಲು ಲೆಕ್ಕ ಹಾಕಿದ್ದು ಟ್ಯೂಷನ್ ಫೀಜು, ಸ್ಕಾಲರ್‌ಶಿಪ್ ಯಾವ ತಿಂಗಳು ಬರುತ್ತೆ ಅನ್ನೋದು. ಅರ್ಜಿಯಲ್ಲಿ ಇವೆರಡಕ್ಕೂ ಖಾನೆ ಇಲ್ಲ. 'ಐಚ್ಛಿಕ ವಿಷಯ' ಅನ್ನೋದಕ್ಕೆ ಇದೆ.

ಈ ಸಲ ಹೊಸ ಹುಡುಗರು ಅರ್ಜಿ ತುಂಬೋಕೆ ಬಂದಾಗ, ದುಡ್ಡಿನ ಚಿಂತೆ ಇಲ್ಲದಿದ್ರೆ ಯಾವುದು ತಗೋತಿದ್ದೆ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದಿಟ್ಕೊಳ್ಳಿ. ಆ ಪಟ್ಟಿ ಹಿಡ್ಕೊಂಡು ಎಲ್ಲರೂ ಸೇರಿ ಪ್ರಿನ್ಸಿಪಾಲರ ಹತ್ರ ಹೋಗೋಣ.