ಇಳಿವಯಸ್ಸು ಮತ್ತು ಅಂಗೈಯ ಯಂತ್ರ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯದ ವಿಷಯವೇ ಆಗಬೇಕೆಂಬ ವಾಡಿಕೆ ಇದೆ. ಮೊಬೈಲಿನ ಬಗ್ಗೆ ಮಾತನಾಡುತ್ತೇನೆಂದಾಗ ಸಂಘಟಕರು ಒಪ್ಪಿದರು. ಉಪನ್ಯಾಸದ ಹೊತ್ತಿನಲ್ಲಿ ಅದು ಬಾಯಿ ಮುಚ್ಚಿಕೊಂಡಿರಬೇಕೆಂಬ ಷರತ್ತನ್ನು ಮಾತ್ರ ಸಭೆಗೆ ಹಾಕಿದ್ದಾರೆ.

2011ರ ಜನಗಣತಿಯ ಹೊತ್ತಿಗೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಮಲೆನಾಡಿನ, ಕರಾವಳಿಯ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇಬ್ಬರೇ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ. ಇಂಥ ಮನೆಗೆ ತಂತ್ರಜ್ಞಾನ ಬರುವುದು ಹೆಚ್ಚಾಗಿ ಮಕ್ಕಳ ಆತಂಕದ ದಾರಿಯಿಂದ: ಜಗಲಿಗೊಂದು ಕ್ಯಾಮೆರಾ, ಕೈಗೊಂದು ವಾಚು, ಅಪ್ಪ ಎಲ್ಲಿದ್ದಾರೆಂದು ತೋರಿಸುವ ಆ್ಯಪು. ಆ ಆತಂಕ ಸಹಜ. ಆದರೆ ನೋಡಿಸಿಕೊಳ್ಳುವವರನ್ನು ಒಂದು ಮಾತು ಕೇಳದೆ ಕ್ಯಾಮೆರಾ ಕೂರಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ನನ್ನ ಕುತೂಹಲ ಬೇರೆ: ಹಿರಿಯರು ತಾವೇ, ಯಾರ ದಾರಿಯನ್ನೂ ಕಾಯದೆ, ಈ ತಂತ್ರಜ್ಞಾನದಿಂದ ಏನು ಮಾಡಿಕೊಳ್ಳಬಹುದು?

ಪಿಂಚಣಿದಾರರಿಗೆ ನವೆಂಬರ್ ಎಂದರೆ ತಾವು ಬದುಕಿದ್ದೇವೆಂದು ರುಜುವಾತು ಮಾಡುವ ತಿಂಗಳು. ಡಿಜಿಟಲ್ ಜೀವನ ಪ್ರಮಾಣಪತ್ರ 2014ರ ನವೆಂಬರಿನಲ್ಲಿ ಬಂತು. ಮೊದಮೊದಲು ಬೆರಳಚ್ಚೋ ಕಣ್ಣಿನ ಪಾಪೆಯೋ ಬೇಕಿತ್ತು. ವಯಸ್ಸಾದಂತೆ ಚರ್ಮ ಒಣಗಿ ಬೆರಳಿನ ಗೆರೆಗಳು ಸವೆಯುತ್ತವೆ. ಗದ್ದೆಯಲ್ಲಿ, ಅಡುಗೆಮನೆಯಲ್ಲಿ ದುಡಿದ ಕೈಗಳಲ್ಲಂತೂ ಇನ್ನೂ ಬೇಗ. ಜನ್ಮವಿಡೀ ದುಡಿದ ಕೈಯನ್ನೇ ಯಂತ್ರ ಗುರುತಿಸದೆ ಹೋಗುತ್ತಿತ್ತು. 2021ರಲ್ಲಿ ಮುಖ ಗುರುತಿಸುವ ಸೌಲಭ್ಯ ಬಂದ ಮೇಲೆ ಮೊಬೈಲಿನ ಮುಂದೆ ಕೂತು ಕಣ್ಣು ಮಿಟುಕಿಸಿದರೆ ಸಾಕಾಯಿತು. ಆದರೆ ನಮ್ಮ ಮನೆಗಳಲ್ಲಿ ಫೋನು ಹಿಡಿದು ಗುಂಡಿ ಒತ್ತುವವನು ಮೊಮ್ಮಗ. ಅಜ್ಜನ ಕೆಲಸ ಕಣ್ಣು ಮಿಟುಕಿಸುವುದಷ್ಟೇ. ಮುಂದಿನ ವರ್ಷವೂ ಮೊಮ್ಮಗನ ರಜೆಗೆ ಕಾಯಬೇಕು. ಮೊದಲು ಬ್ಯಾಂಕಿನ ಸಾಲಿನಲ್ಲಾದರೂ ಹಳೆಯ ಸಹೋದ್ಯೋಗಿಗಳು ಸಿಗುತ್ತಿದ್ದರು. ಈಗ ಅದೂ ಇಲ್ಲ.

ಇನ್ನು ಕೈಯ ವಾಚು ಎಣಿಸುವ ನಡಿಗೆ. ಆ ವಿಷಯವನ್ನು ಬೇಗ ಮುಗಿಸುತ್ತೇನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿ ಹುಟ್ಟಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಉಪಕರಣದ ಹೆಸರಿನಿಂದ. ಯಾವ ವೈದ್ಯರೂ ಅಳೆದು ಕೊಟ್ಟ ಲೆಕ್ಕವಲ್ಲ. ಸರಾಸರಿ 72 ವರ್ಷ ವಯಸ್ಸಿನ ಅಮೆರಿಕದ ಮಹಿಳೆಯರ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ 2,700 ಹೆಜ್ಜೆಯವರಿಗಿಂತ ಸಾಕಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಸಂಜೆ ವಾಚು ಗದರಿದರೆ ಗದರಲಿ ಬಿಡಿ. ಹಾಗೆಯೇ ರಕ್ತದೊತ್ತಡದ ಯಂತ್ರ ಕೊಳ್ಳುವವರು ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆದು, ಬರೆದಿಟ್ಟು ವೈದ್ಯರಿಗೆ ತೋರಿಸಿ. ದಿನಕ್ಕೆ ಎಂಟು ಸಲ ಅಳೆಯುವವರನ್ನು ಬಲ್ಲೆ. ಅವರ ಒತ್ತಡಕ್ಕೆ ಆ ಯಂತ್ರದ್ದೂ ಪಾಲಿರಬೇಕು.

ನಾನು ನಿಂತು ಮಾತನಾಡಬೇಕಾದ್ದು ಕಿವಿಯ ಬಗ್ಗೆ. "ಕೇಳಿಸುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ" ಎಂಬ ಮಾತನ್ನು ಎಲ್ಲರೂ ಕೇಳಿದ್ದೀರಿ. ಅದು ಅಕ್ಷರಶಃ ನಿಜ. ವಯಸ್ಸಿನ ಕಿವುಡು ಮೊದಲು ಮುಟ್ಟುವುದು ಎತ್ತರದ ಶ್ರುತಿಯ ದನಿಗಳನ್ನು. ಸ್ವರಗಳು ಉಳಿಯುತ್ತವೆ, ಸ, ಶ, ತ, ಕಗಳಂಥ ವ್ಯಂಜನಗಳು ಮಸುಕಾಗುತ್ತವೆ. ನಾವು ಕೂಗಿದರೆ ಸ್ವರ ಇನ್ನಷ್ಟು ದೊಡ್ಡದಾಗುತ್ತದೆ, ಮಾತು ಬಿಡಿಯಾಗುವುದಿಲ್ಲ, ಜೊತೆಗೆ ಬೈದಂತೆಯೂ ಆಗುತ್ತದೆ. ಸಲ ಸಲ "ಏನು?" ಎಂದು ಕೇಳಲು ನಾಚಿ ಹಿರಿಯರು ನಗುತ್ತಾ ಸುಮ್ಮನಾಗುತ್ತಾರೆ, ಕ್ರಮೇಣ ಮದುವೆ ಮನೆಗೂ ಹೋಗುವುದನ್ನು ಬಿಡುತ್ತಾರೆ.

ಮರೆವಿನ ಕಾಯಿಲೆಗೆ ತಡೆಯಬಹುದಾದ ಕಾರಣಗಳೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೆಸರಿಸಿದ ಹದಿನಾಲ್ಕರಲ್ಲಿ ಕಿವುಡೂ ಒಂದು. ಶ್ರವಣ ಸಾಧನ ಕೊಟ್ಟರೆ ಮರೆವು ತಡವಾಗುವುದೇ ಎಂದು ಅಮೆರಿಕದಲ್ಲಿ ಮೂರು ವರ್ಷ ಪರೀಕ್ಷಿಸಿದರು. ಫಲಿತಾಂಶ 2023ರಲ್ಲಿ ಬಂತು. ಒಟ್ಟಾರೆ ನೋಡಿದರೆ ವ್ಯತ್ಯಾಸವಿರಲಿಲ್ಲ. ಮರೆವಿನ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿಯ ಕುಸಿತ 48 ಪ್ರತಿಶತ ನಿಧಾನವಾಗಿತ್ತು. ನನಗೆ ಅಷ್ಟು ಸಾಕು. ಮರೆವಿನ ಮಾತನ್ನು ಬಿಟ್ಟರೂ, ಊಟದ ಹೊತ್ತಿನ ಹರಟೆಯಲ್ಲಿ ಪಾಲುಗೊಳ್ಳುವುದು ಸಣ್ಣ ಸುಖವೇನಲ್ಲ. ಆಡಿದ ಮಾತನ್ನು ಪರದೆಯ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮೂಡಿಸುವ ಉಚಿತ ಆ್ಯಪು ಈಗ ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲೇ ಸಿಗುತ್ತದೆ. ಕುಂದಾಪುರದ, ಧಾರವಾಡದ ಮಾತಿಗೆ ಅದು ತಡವರಿಸುತ್ತದೆ, ನಿಜ. ಆದರೂ ಮೇಜಿನ ಮೇಲೆ ಇಟ್ಟು ನೋಡಿ. ಕಿವಿಯ ಪರೀಕ್ಷೆಗೆ ಮಾತ್ರ ಆ್ಯಪನ್ನು ನೆಚ್ಚಬೇಡಿ. ಆ ಕೆಲಸಕ್ಕೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಕೊನೆಗೆ ಭಯದ ವಿಷಯ. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ಹಣ ದೋಚುವ ದಂಧೆಯಲ್ಲಿ ನಿವೃತ್ತ ಅಧಿಕಾರಿಗಳೂ ವೈದ್ಯರೂ ಸಿಕ್ಕಿಬಿದ್ದಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲ. ಇವರನ್ನು ದಡ್ಡರೆನ್ನಲಾರೆ, ಜೀವನವಿಡೀ ಕಾನೂನಿಗೆ ಅಂಜಿ ನಡೆದವರು, ಆ ಅಂಜಿಕೆಯೇ ಕಳ್ಳರ ಬಂಡವಾಳ. ಅಂಥ ಹೊತ್ತಿನಲ್ಲಿ "ಹೀಗೊಂದು ಕರೆ ಬಂದಿದೆ, ಏನು ಮಾಡಲಿ?" ಎಂದು ನಾಚದೆ ಕೇಳಲು ಒಬ್ಬರು ಬೇಕು. ಅಮ್ಮ ತಪ್ಪು ಗುಂಡಿ ಒತ್ತಿದಾಗ ನಕ್ಕ ಮಗನಿಗೆ, "ನೂರು ಸಲ ಹೇಳಿಕೊಟ್ಟಿದ್ದೀನಿ" ಎಂದು ಫೋನು ಕಸಿದ ಮಗಳಿಗೆ, ಹಣ ಹೋದ ಸುದ್ದಿ ಕೊನೆಗೆ ತಲುಪುತ್ತದೆ. ಅಷ್ಟರಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಹಣ ತಡೆಯಬಹುದಾದ ಹೊತ್ತು ಮೀರಿರುತ್ತದೆ. ಹೇಳಿಕೊಡುವಾಗಿನ ತಾಳ್ಮೆಗಿಂತ ದೊಡ್ಡ ಪಾಸ್‌ವರ್ಡ್ ನಾನು ಕಂಡಿಲ್ಲ.

ಎಲ್ಲ ಮನೆಯಲ್ಲೂ ಆ ತಾಳ್ಮೆಯವರು ಇರುವುದಿಲ್ಲ. ಆದ್ದರಿಂದ ಈ ವೇದಿಕೆಯಿಂದ ಒಂದು ಮನವಿ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅನೇಕ ಕಡೆ ಕಂಪ್ಯೂಟರುಗಳೂ ಬಂದಿವೆ. ಅಲ್ಲಿ ವಾರಕ್ಕೊಂದು ಗಂಟೆಯನ್ನು ಹಿರಿಯರಿಗೆಂದೇ ಮೀಸಲಿಡಿ. ಊರಿನ ಕಾಲೇಜು ಹುಡುಗರು ಪಕ್ಕದಲ್ಲಿ ಕೂರಲಿ. ಫೋನು ಮಾತ್ರ ಹಿರಿಯರ ಕೈಯಲ್ಲೇ ಇರಲಿ, ಬೆರಳೂ ಅವರದೇ ಆಡಲಿ. ಮೊದಲ ದಿನದ ಪಾಠಕ್ಕೆ ಅಕ್ಷರ ದೊಡ್ಡದು ಮಾಡುವುದು, ಕನ್ನಡದಲ್ಲಿ ಮಾತಾಡಿ ಸಂದೇಶ ಬರೆಯುವುದು, 1930 ಮತ್ತು ಹಿರಿಯರ ಸಹಾಯವಾಣಿ 14567 ಎರಡನ್ನೂ ಸೇವ್ ಮಾಡಿಕೊಳ್ಳುವುದು, ಇಷ್ಟು ಸಾಕು. ಇಲ್ಲಿರುವ ಪಂಚಾಯಿತಿ ಸದಸ್ಯರು ಮುಂದಿನ ಸಭೆಯಲ್ಲೇ ಇದನ್ನು ಪ್ರಸ್ತಾಪಿಸಬೇಕೆಂದು ಕೋರುತ್ತೇನೆ.