ಆನೆ ನೋಡಲು ಡ್ರೋನ್


ಹೊಲಕ್ಕೆ ಔಷಧಿ ಹೊಡೆಯಲು 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ನೀಡಿತು. ಹಾರಿಸಲು ಕಲಿತವರು ಆನೆ ಎಲ್ಲಿದೆ ಅಂತ ನೋಡುವ ಸೇವೆಗೂ ಹೋಗಬಹುದಲ್ಲಾ ಎಂದು ಕೇಳಿದಿರಿ. ಒಳ್ಳೆಯ ಯೋಚನೆ. ಶಾಖ ಗುರುತಿಸುವ ಕ್ಯಾಮೆರಾ ಬೇರೆ ಬೇಕು. ಅದಿದ್ದರೆ ಕತ್ತಲಲ್ಲೂ ಆನೆ ಕಾಣುತ್ತದೆ, ಬೆಳಗ್ಗೆ ಕಾಫಿ ತೋಟಕ್ಕೆ ಹೋಗುವವರಿಗೆ ಮುಂಚೆಯೇ ತಿಳಿಸಬಹುದು.

ಆದರೆ ದೂರದಿಂದ ನೋಡಿದರೆ ಪ್ರಾಣಿಗೇನೂ ಆಗಲ್ಲ ಅಂದ್ಕೋಬೇಡಿ. ಅಮೆರಿಕದ ಮಿನ್ನೆಸೋಟಾದಲ್ಲಿ ಕರಡಿಗಳ ಮೇಲೆ ಡ್ರೋನ್ ಹಾರಿಸಿದರು. ಹೆಚ್ಚಿನ ಸಲ ಅವು ಓಡಲಿಲ್ಲ, ಎದೆಬಡಿತ ಮಾತ್ರ ಏರಿತು. ಒಂದರದ್ದು ನಿಮಿಷಕ್ಕೆ 41ರಿಂದ 162ಕ್ಕೆ! ಇದು 2015ರ ಅಧ್ಯಯನ. ತಾಂಜಾನಿಯಾದಲ್ಲಂತೂ ಹೊಲಕ್ಕೆ ಬಂದ ಆನೆಗಳನ್ನು ಡ್ರೋನಿನಿಂದಲೇ ಓಡಿಸಿದ್ದಾರೆ. ಹಾಗೆ ಬೆದರಿದ ಆನೆ ನಮ್ಮ ಕೂಲಿ ಲೈನಿನ ಕಡೆ ನುಗ್ಗಿದರೆ?

ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರ ಸಿಬ್ಬಂದಿ ಜೊತೆಗಿದ್ದಾಗ ಮಾತ್ರ ಹಾರಿಸಿ. ಆನೆ ಕಿವಿ ಅಗಲಿಸಿತೋ, ಕೂಡಲೇ ವಾಪಸ್ ತನ್ನಿ. ವಿಡಿಯೊ ವಾಟ್ಸಾಪಿಗೆ ಹಾಕಬೇಡಿ, ನೋಡಲು ಜನ ಸೇರಿಬಿಡುತ್ತಾರೆ.