ಕೀಲಿನ ಮೇಲೆ ನಿಂತ ಮನೆ

ಮನೆಯ ಭಾರವನ್ನು ಗೋಡೆ ಹೊರುತ್ತದೆಂದು ನಾವೆಲ್ಲ ನಂಬಿರುತ್ತೇವೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದವನು. ಯಾದಗಿರಿ ಸೀಮೆಯ ಕೊಂಕಲ್ ಗ್ರಾಮದಲ್ಲಿ ನಮ್ಮ ಹಿರಿಯರು ಕಟ್ಟಿಸಿದ ಮಣ್ಣಿನ ಮಾಳಿಗೆಯ ಮನೆಯೊಂದಿತ್ತು. ಒಂದು ಮಳೆಗಾಲದ ರಾತ್ರಿ ಅದರ ಹಿಂಗೋಡೆ ನೆನೆದು ಕುಸಿಯಿತು. ಅಲ್ಲಿಂದ ನಾಲ್ಕು ಮೊಳದಾಚೆ ನನ್ನ ತಾಯಿ ಮಲಗಿದ್ದರು. ದೀಪ ಹಿಡಿದು ಓಡಿದೆ. ಗೋಡೆಯ ಕಲ್ಲುಮಣ್ಣೆಲ್ಲ ಹಿತ್ತಲಿಗೆ ಸುರಿದಿತ್ತು. ಮಾಳಿಗೆ ಮಾತ್ರ ಇದ್ದಲ್ಲಿಯೇ ಇತ್ತು. ತಾಯಿ ಎದ್ದು ಕುಳಿತು, “ಯಾಕೋ ತಮ್ಮಾ, ಗಾಳಿ ಇಷ್ಟ್ಯಾಕ ಬರ್ತದ?” ಎಂದರು.

ಮರುದಿನ ಊರಿನ ಮುದುಕ ಬಡಿಗೇರರು ಬಂದು ನೋಡಿದರು. ನನ್ನ ಗಾಬರಿಗೆ ನಕ್ಕು, “ಮಾಸ್ತರ, ಗ್ವಾಡಿ ಅಂದ್ರ ಮನಿಗೆ ಅರಿವಿ ಇದ್ದಂಗ. ಅರಿವಿ ಹರದ್ರ ಮನುಷ್ಯಾ ಸಾಯ್ತಾನೇನು?” ಎಂದರು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ನನಗೆ ಅವರು ಅಂದು ಒಂದು ಪಾಠ ಹೇಳಿದರು. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ಕಡೆ ಮನೆಯ ಅಳತೆಯನ್ನು ಹಿಂದೆ ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಕಂಬ ಕಂಬಗಳ ನಡುವಣ ಎಡೆಯೇ ಅಂಕಣ. ಪತ್ರಿಕೆಯ ಅಂಕಣವೂ ಈ ಮಾತೇ. ಮನೆಯನ್ನು ಕಂಬದಿಂದ ಅಳೆದರೇ ಹೊರತು ಗೋಡೆಯಿಂದಲ್ಲ ಎಂಬುದನ್ನು ಗಮನಿಸಿರಿ. ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿಗಳು, ಅವುಗಳ ಮೇಲೆ ಸೀಳುಕಟ್ಟಿಗೆ, ಸೊಪ್ಪು, ಕೊನೆಗೆ ಮಣ್ಣು. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುವುದು ತೇವವೂ ಗೆದ್ದಲೂ ಸುಲಭವಾಗಿ ಏರದಿರಲೆಂದು. ತೊಲೆ ಎಂಬುದು ಸಂಸ್ಕೃತದ ‘ತುಲಾ’ ಶಬ್ದದ ತದ್ಭವ. ತಕ್ಕಡಿಯ ದಂಡಕ್ಕೂ ಮನೆಯ ತೊಲೆಗೂ ಹೆಸರು ಒಂದೇ. ಎರಡರ ಕೆಲಸವೂ ಭಾರವನ್ನು ಸಮನಾಗಿ ಹಂಚುವುದು.

ಇವನ್ನೆಲ್ಲ ಕೂಡಿಸುವುದು ಕೀಲು. ಕಂಬದ ತಲೆಯನ್ನು ನಾಲಗೆಯಂತೆ ಕೆತ್ತಿ, ಬೋದಿಗೆಯಲ್ಲಿ ಅದಕ್ಕೆ ತಕ್ಕ ಕಿಂಡಿಯನ್ನು ಉಳಿಯಿಂದ ತೆಗೆಯುತ್ತಾರೆ. ನಾಲಗೆಯ ದಪ್ಪ ಮರದ ದಪ್ಪದ ಮೂರರಲ್ಲೊಂದು ಪಾಲು ಇದ್ದರೆ ಒಳ್ಳೆಯದು. ಅದಕ್ಕಿಂತ ತೆಳುವಾದರೆ ನಾಲಗೆ ಮುರಿಯುತ್ತದೆ, ದಪ್ಪವಾದರೆ ಕಿಂಡಿಯ ಅಂಚು ಸೀಳುತ್ತದೆ. ಎರಡು ತೊಲೆಗಳನ್ನು ಉದ್ದಕ್ಕೆ ಕೂಡಿಸಬೇಕಾದರೆ, ಒಂದರ ಮೇಲರ್ಧವನ್ನೂ ಇನ್ನೊಂದರ ಕೆಳಗಿನ ಅರ್ಧವನ್ನೂ ಕೊರೆದು, ಒಂದರ ಮೇಲೊಂದು ಕೂರಿಸಿ, ಮರದ ಗೂಟ ಹೊಡೆಯುತ್ತಾರೆ. ಆ ಕೂಡುವ ಜಾಗ ಕಂಬದ ನೆತ್ತಿಯ ಮೇಲೆಯೇ ಬರಬೇಕು. ಗೂಟದ ಮರ ತೊಲೆಯ ಮರಕ್ಕಿಂತ ಒಣಗಿದ್ದಾಗಿರಬೇಕು.

ಕಬ್ಬಿಣದ ಮೊಳೆ ಏಕೆ ಬೇಡ? ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೊಳೆ ಅದರೊಡನೆ ಆಡದು. ತುಕ್ಕು ಹಿಡಿದು ತನ್ನ ತೂತನ್ನೇ ಸಡಿಲಿಸುತ್ತದೆ. ಕೀಲಾದರೋ ಸ್ವಲ್ಪ ಆಡುತ್ತದೆ, ಬಿಡುವುದಿಲ್ಲ. ನಮ್ಮ ಮೈಯ ಸಂದುಗಳಿಗೂ ಕೀಲೆಂದೇ ಹೆಸರಲ್ಲವೆ? ಮೊಣಕಾಲು ಬಾಗದಿದ್ದರೆ ಮನುಷ್ಯ ಮೊದಲ ಎಡವಿಗೇ ಮುರಿಯುತ್ತಿದ್ದ. ಈ ವಿದ್ಯೆ ನಮ್ಮಲ್ಲಿ ಹಳೆಯದು. ಐಹೊಳೆಯ ಲಾಡಖಾನ ಗುಡಿಯನ್ನು ನೋಡಿದವರು, ಛಾವಣಿಯ ಚಪ್ಪಡಿಗಳ ಸಂದಿಗಳ ಮೇಲೆ ಮರದ ದಿಮ್ಮಿಯಂತಹ ಉದ್ದನೆಯ ಕಲ್ಲುಗಳನ್ನು ಕೂರಿಸಿರುವುದನ್ನು ಕಂಡಿರಬಹುದು. ಅಲ್ಲಿ ಶಿಲ್ಪಿ ಬಡಿಗನ ದಾರಿಯಲ್ಲಿ ನಡೆದಿದ್ದಾನೆ.

ಆದರೆ ಹಳೆಯದೆಲ್ಲವೂ ಸರಿಯೆಂದು ನಾನು ಹೇಳಲಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಗಣೇಶನನ್ನು ಬಿಟ್ಟುಬಂದು ಮಲಗಿದ್ದ ಜನರಲ್ಲಿ 7,500ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯ ಮನೆಗಳೂ ನಮ್ಮವುಗಳಂತೆಯೇ ಮಣ್ಣಿನ ಮಾಳಿಗೆಯವು. ಬಳಿಕ ಪರೀಕ್ಷಿಸಿದ ತಜ್ಞರು ಕಂಡದ್ದೇನು? ಮಣ್ಣಿನಲ್ಲಿ ಕೂರಿಸಿದ ಒರಟುಗಲ್ಲಿನ ದಪ್ಪ ಗೋಡೆಗಳ ಒಳಮೈ ಹೊರಮೈಗಳನ್ನು ಬೆಸೆಯುವ ಉದ್ದಗಲ್ಲುಗಳಿರಲಿಲ್ಲ; ಮಾಳಿಗೆಯ ಮೇಲೆ ವರ್ಷವರ್ಷವೂ ಮಣ್ಣು ಏರಿ ಹೊರೆಯಾಗಿತ್ತು. ಕಂಬ ತೊಲೆಗಳೇ ಛಾವಣಿ ಹೊತ್ತಿದ್ದ ಎಷ್ಟೋ ಕಡೆ ಗೋಡೆ ಬಿದ್ದರೂ ಛಾವಣಿ ನಿಂತಿತ್ತು. ಆದರೆ ಆ ಚೌಕಟ್ಟಿಗೂ ಒಂದು ಕೊರತೆಯಿತ್ತು: ಪಕ್ಕಕ್ಕೆ ವಾಲದಂತೆ ತಡೆಯುವ ಓರೆ ಆನಿಕೆಗಳಿರಲಿಲ್ಲ.

ನಮ್ಮ ಹಳೆಯ ಮನೆಯ ಮರದಿಂದಲೇ ಎರಡಂಕಣದ ಚಿಕ್ಕ ಮನೆ ಕಟ್ಟುವಾಗ ಈ ಪಾಠ ನೆನಪಿಟ್ಟೆವು. ಬಡಿಗೇರರು ಪ್ರತಿಯೊಂದು ಕೀಲಿಗೂ ಗೆರೆಯ ಗುರುತು ಹಾಕಿ ಬಿಚ್ಚಿದರು. ಗುರುತಿನಂತೆಯೇ ಮತ್ತೆ ಕೂಡಿಸಿದರು. ಮೊಳೆ ಹೊಡೆದಿದ್ದರೆ ಅರ್ಧ ಮರ ಒಲೆಗೆ ಹೋಗುತ್ತಿತ್ತು. ಕಂಬ ತೊಲೆಗಳು ಕೂಡುವ ಮೂಲೆಗಳಿಗೆ ಓರೆ ಆನಿಕೆ ಕೊಟ್ಟೆವು. ಮಾಳಿಗೆಯ ಮಣ್ಣು ಗೇಣಿಗೆ ಮೀರದಂತೆ ನೋಡಿಕೊಂಡೆವು. ಗೋಡೆಗೆ ಉದ್ದಗಲ್ಲು ಇಡಿಸಿದೆವು. ಒಂದು ತಪ್ಪು ಮಾತ್ರ ನನ್ನಿಂದಾಯಿತು. ಅವಸರಪಟ್ಟು ಹಸಿ ಜಾಲಿಯ ಕಂಬವೊಂದನ್ನು ನಿಲ್ಲಿಸಿದೆ. ಬೇಸಿಗೆ ಬರುವಷ್ಟರಲ್ಲಿ ಅದರ ನಾಲಗೆ ಕುಗ್ಗಿ ಅಲುಗಾಡತೊಡಗಿತು. ಬಡಿಗೇರರು ಬೆಣೆ ಹೊಡೆದು, “ಹಸೀ ಹುಡುಗನ್ನ ಪರೀಕ್ಷಾಕ ಕೂಡಸ್ತೀರೇನ್ರಿ ಮಾಸ್ತರ?” ಎಂದರು. ನಾನು ಸುಮ್ಮನಾದೆ.

ಸಿಮೆಂಟಿನ ಮನೆ ಕಟ್ಟಬೇಡಿರೆಂದು ನಾನು ಹೇಳುವುದಿಲ್ಲ. ಚೆನ್ನಾಗಿ ಕಟ್ಟಿದ್ದೆಲ್ಲವೂ ಒಳ್ಳೆಯದೇ. ಆದರೆ ನಿಮ್ಮ ಊರಿನಲ್ಲಿ ಹಳೆಯ ಮಾಳಿಗೆ ಮನೆಯಿದ್ದು ಅದರಲ್ಲಿ ಹಿರಿಯರು ವಾಸವಾಗಿದ್ದರೆ, ಮುಂದಿನ ರಜೆಯಲ್ಲಿ ಹೋಗಿ ಮೂರು ಕೆಲಸ ಮಾಡಿರಿ. ಕಂಬಗಳ ಬುಡವನ್ನು ಉಳಿಯ ತುದಿಯಿಂದ ಕೆದಕಿ ಗೆದ್ದಲು ನೋಡಿರಿ. ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸಿರಿ. ಬಡಿಗೇರರನ್ನು ಕರೆಯಿಸಿ ಕೀಲುಗಳನ್ನು ತೋರಿಸಿ, ಬೇಕಾದಲ್ಲಿ ಓರೆ ಆನಿಕೆ ಕೊಡಿಸಿರಿ. ಮನೆ ಕೆಡವಿ ಮರ ಮಾರುವ ಯೋಚನೆಯಿದ್ದರೆ, ಅದೇ ಮರದಿಂದ ಇನ್ನೊಂದು ಮನೆ ಏಳಬಹುದೆಂಬುದನ್ನು ಮರೆಯಬೇಡಿರಿ.

ನನ್ನ ತಾಯಿ ಈಗ ಆ ಎರಡಂಕಣದಲ್ಲಿ ಮಲಗುತ್ತಾರೆ. ಮಳೆ ಬಂದ ರಾತ್ರಿ ನನಗೂ ನಿದ್ದೆ ಬರುತ್ತದೆ.